ಗಂಡು ಬೆಕ್ಕಿನ ಮೂತ್ರಕಟ್ಟು: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಎತ್ತು ಉಚ್ಚೆ ಕಟ್ಟಿ ನರಳುತ್ತಿದೆ ಎಂದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಬೆಳಗಾಗಲಿ ಎಂದು ಕಾಯುವುದಿಲ್ಲ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಪಶುವೈದ್ಯರನ್ನು ಕರೆತರಲು ಮನೆಯಿಂದ ಒಬ್ಬರು ಹೊರಡುತ್ತಾರೆ. ಮೂತ್ರ ಹೊರಬಾರದೆ ಹೋದರೆ ಪ್ರಾಣಿ ಉಳಿಯುವುದಿಲ್ಲವೆಂಬುದು ಬೇಸಾಯಗಾರರಿಗೆ ತಲೆಮಾರುಗಳಿಂದ ಗೊತ್ತಿರುವ ವಿಷಯ. ಇದೇ ಬಾಧೆ ಮನೆಯಲ್ಲಿ ಸಾಕಿದ ಗಂಡು ಬೆಕ್ಕಿಗೂ ಬರುತ್ತದೆ, ಎರಡು ಮೂರು ದಿನಗಳಲ್ಲಿ ಅದರ ಪ್ರಾಣವನ್ನು ತೆಗೆಯಬಲ್ಲದು ಎಂಬ ಸಂಗತಿ ಮಾತ್ರ ಬೆಕ್ಕು ಸಾಕಿದ ಅನೇಕ ಕುಟುಂಬಗಳಿಗೆ ತಿಳಿದಿಲ್ಲ. ಎತ್ತಿಗೆ ದೊರೆಯುವ ತುರ್ತು ಗಮನ ಬೆಕ್ಕಿಗೆ ದೊರೆಯದಿರಲು ಅಸಡ್ಡೆಯೊಂದೇ ಕಾರಣವಲ್ಲ. ಬೆಕ್ಕು ತನ್ನ ನೋವನ್ನು ಮುಚ್ಚಿಡುವ ಪ್ರಾಣಿ. ಅದು ತೋರುವ ಲಕ್ಷಣಗಳು ಬೇರೊಂದು ಸಣ್ಣ ತೊಂದರೆಯಂತೆ ಕಾಣುತ್ತವೆ.

ಚೆನ್ನೈ ಮಹಾನಗರದ ದಕ್ಷಿಣ ಅಂಚಿನ ಕ್ರೋಂಪೇಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕ್ರೋಮ್ ಲೆದರ್ ಕಂಪನಿಯ ಚರ್ಮ ಹದಮಾಡುವ ಕಾರ್ಖಾನೆಯಿಂದಾಗಿ ಈ ಬಡಾವಣೆಗೆ ಆ ಹೆಸರು ಬಂದಿತು. ಮದರಾಸಿನಲ್ಲಿ ಕ್ರೋಮ್ ಹದಗಾರಿಕೆಯನ್ನು ಬಳಕೆಗೆ ತಂದ ಆಲ್ಫ್ರೆಡ್ ಚಾಟರ್ಟನ್ ಅವರೇ 1912ರ ಬಳಿಕ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರೆಂಬುದನ್ನು ಕನ್ನಡಿಗರು ನೆನೆಯಬಹುದು. 2021ರಿಂದ ತಾಂಬರಂ ಮಹಾನಗರಪಾಲಿಕೆಗೆ ಸೇರಿರುವ ಈ ಪ್ರದೇಶದಲ್ಲಿ ಇಂದು ಹಂಚಿನ ಮನೆ, ಹಿತ್ತಲುಗಳಿಗಿಂತ ಬಹುಮಹಡಿ ಕಟ್ಟಡಗಳೇ ಹೆಚ್ಚು. ಹಿಂದೆ ಬೆಕ್ಕು ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿತ್ತು. ಇಲಿ, ಓತಿಕ್ಯಾತ ಹಿಡಿದು ತಿನ್ನುತ್ತಿತ್ತು. ಮಣ್ಣು ಕೆದರಿ ತನ್ನ ಕೆಲಸ ಮುಗಿಸುತ್ತಿತ್ತು. ಈಗ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಅದರ ಜೀವನ ಸಾಗುತ್ತದೆ. ಆಹಾರ ಅಂಗಡಿಯಿಂದ ತಂದ ಒಣ ಕಾಳಿನ ಪೊಟ್ಟಣ. ಶೌಚಕ್ಕೆ ಬಚ್ಚಲುಮನೆಯ ಮೂಲೆಯಲ್ಲಿ ಮರಳು ತುಂಬಿದ ತಟ್ಟೆ. ವಾಹನಗಳಿಗೂ ನಾಯಿಗಳಿಗೂ ಸಿಕ್ಕದೆ ಬೆಕ್ಕು ಸುರಕ್ಷಿತವಾಗಿರುವುದು ನಿಜ. ಆದರೆ ಕಡಿಮೆ ನೀರು, ಕಡಿಮೆ ಓಡಾಟ, ಹೆಚ್ಚು ಬೊಜ್ಜು, ಒಂದಿಷ್ಟು ಬೇಸರ ಇವು ಕೂಡಿ ಮೂತ್ರಕಟ್ಟಿಗೆ ಅನುಕೂಲವಾದ ಸ್ಥಿತಿಯನ್ನು ಉಂಟುಮಾಡುತ್ತವೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ನಾಲ್ಕು ವರ್ಷದ ಗಂಡು ಬೆಕ್ಕು ಬೆಳಗಿನಿಂದ ನಾಲ್ಕಾರು ಬಾರಿ ಮರಳಿನ ತಟ್ಟೆಗೆ ಹೋಗಿ ಕುಳಿತು ಮುಕ್ಕರಿಯುತ್ತದೆ. ಮರಳು ಒದ್ದೆಯಾಗುವುದಿಲ್ಲ. ಮನೆಯ ಹಿರಿಯರು “ಮಲಬದ್ಧತೆ ಇರಬೇಕು” ಎಂದು ಸ್ವಲ್ಪ ಹರಳೆಣ್ಣೆಯನ್ನೋ ತುಪ್ಪವನ್ನೋ ನೆಕ್ಕಿಸುತ್ತಾರೆ. ಮಧ್ಯಾಹ್ನ ಅದು ಹಿಂಭಾಗವನ್ನು ಬಿಡದೆ ನೆಕ್ಕಿಕೊಳ್ಳುತ್ತದೆ, ಒಂದೆರಡು ಸಲ ಕೂಗುತ್ತದೆ. ಸಂಜೆ ಊಟ ಬೇಡವೆನ್ನುತ್ತದೆ, ವಾಂತಿ ಮಾಡುತ್ತದೆ. ರಾತ್ರಿ ಮಂಚದ ಕೆಳಗೆ ಸೇರಿ ಸುಮ್ಮನಾಗುತ್ತದೆ. ನೋವು ಕಡಿಮೆಯಾಯಿತೆಂದು ಮನೆಯವರು ನಿಟ್ಟುಸಿರು ಬಿಡುವುದು ಆಗಲೇ. ವಾಸ್ತವದಲ್ಲಿ ಆ ಮೌನ ನಂಜು ಏರುತ್ತಿರುವುದರ ಗುರುತು. ಮಲಬದ್ಧತೆಯೆಂಬ ತಪ್ಪು ತೀರ್ಮಾನದಿಂದ ಕಳೆದುಹೋದ ಹನ್ನೆರಡು ಗಂಟೆಗಳೇ ಅನೇಕ ಬೆಕ್ಕುಗಳ ಅಳಿವು ಉಳಿವನ್ನು ನಿರ್ಧರಿಸುತ್ತವೆ.

ನಾಳ ಕಟ್ಟಿಕೊಳ್ಳುವುದೇಕೆ

ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡು ಬೆಕ್ಕಿನದು ಉದ್ದ, ಮತ್ತು ತುದಿಗೆ ಹೋದಂತೆ ಕಿರಿದಾಗುತ್ತದೆ. ಶಿಶ್ನದ ಭಾಗದಲ್ಲಿ ಅದರ ಒಳ ಅಗಲ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಉರಿಯೂತ, ಹರಳು ಹೆಣ್ಣು ಬೆಕ್ಕುಗಳಿಗೂ ಬರುತ್ತವಾದರೂ ನಾಳ ಪೂರ್ತಿ ಮುಚ್ಚಿಹೋಗುವುದು ಹೆಚ್ಚುಕಡಿಮೆ ಗಂಡು ಬೆಕ್ಕುಗಳಿಗೇ ಮೀಸಲಾದ ವಿಪತ್ತು. ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ನಾಳ ಕಿರಿದಾಗುತ್ತದೆ ಎಂಬ ನಂಬಿಕೆ ಬಹುಕಾಲದಿಂದ ಇದೆ. ಅಳತೆ ಮಾಡಿ ನೋಡಿದ ಅಧ್ಯಯನಗಳು ಇದನ್ನು ಸಮರ್ಥಿಸಿಲ್ಲ. ಶಸ್ತ್ರಕ್ರಿಯೆಯ ಬಳಿಕ ಬೆಕ್ಕು ದಪ್ಪವಾಗದಂತೆ ನೋಡಿಕೊಳ್ಳಬೇಕೇ ಹೊರತು, ಈ ಭಯದಿಂದ ಅದನ್ನು ತಪ್ಪಿಸಬೇಕಾದ ಕಾರಣವಿಲ್ಲ.

ಮುಚ್ಚುವ ವಸ್ತು ಯಾವುದು? ಬಹಳ ಜನ ಕಲ್ಲು ಎಂದು ಭಾವಿಸುತ್ತಾರೆ. ಕೆಲವೊಮ್ಮೆ ಅದು ಸಾಸಿವೆ ಗಾತ್ರದ ಕಲ್ಲೇ ಇರಬಹುದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಸಿಗುವುದು ಟೂತ್‌ಪೇಸ್ಟಿನಂಥ ಒಂದು ಬಿರಡೆ. ಉರಿಯೂತದಿಂದ ಕೆರಳಿದ ಮೂತ್ರಾಶಯದ ಒಳಪೊರೆಯಿಂದ ಜಿನುಗಿದ ಲೋಳೆ, ಪ್ರೋಟೀನು, ರಕ್ತಕಣಗಳು ಸೇರಿದ ಅಂಟಿನಲ್ಲಿ ಸೂಕ್ಷ್ಮ ಹರಳುಗಳು ಸಿಕ್ಕಿಹಾಕಿಕೊಂಡು ಈ ಬಿರಡೆ ರೂಪುಗೊಳ್ಳುತ್ತದೆ. ಲೋಳೆಯನ್ನು ಗಾರೆಯೆಂದೂ ಹರಳುಗಳನ್ನು ಮರಳೆಂದೂ ಭಾವಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನು ಕೆಲವು ಬೆಕ್ಕುಗಳಲ್ಲಿ ಬಿರಡೆಯೂ ಇರುವುದಿಲ್ಲ, ಕಲ್ಲೂ ಇರುವುದಿಲ್ಲ. ಊದಿಕೊಂಡ ನಾಳದ ಸ್ನಾಯು ಬಿಗಿಹಿಡಿದು ದಾರಿ ಮುಚ್ಚುತ್ತದೆ.

ಈ ಉರಿಯೂತಕ್ಕೆ ಸೋಂಕು ಕಾರಣವಾಗಿರುವುದು ಎಳೆಯ ಹಾಗೂ ನಡುವಯಸ್ಸಿನ ಬೆಕ್ಕುಗಳಲ್ಲಿ ವಿರಳ. ಮೂತ್ರದ ತೊಂದರೆಯಿಂದ ಬರುವ ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ನಿರ್ದಿಷ್ಟ ರೋಗಾಣುವಾಗಲಿ ಕಲ್ಲಾಗಲಿ ದೊರೆಯುವುದೇ ಇಲ್ಲ. ಆದ್ದರಿಂದ ಔಷಧದ ಅಂಗಡಿಯಿಂದ ಪ್ರತಿಜೈವಿಕ ಮಾತ್ರೆ ತಂದು ನುಂಗಿಸಿ ಕಾಯುವ ರೂಢಿಯಿಂದ ಪ್ರಯೋಜನವಿಲ್ಲ. ಅಮೂಲ್ಯವಾದ ಕಾಲ ವ್ಯರ್ಥವಾಗುತ್ತದೆ.

ದೇಹದೊಳಗೆ ನಡೆಯುವುದು

ಮೂತ್ರಪಿಂಡಗಳು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಕೆಳಗೆ ಬಾಗಿಲು ಮುಚ್ಚಿದ್ದರೂ ಮೇಲಿಂದ ಮೂತ್ರ ಇಳಿಯುತ್ತಲೇ ಇರುತ್ತದೆ. ಮೂತ್ರಾಶಯ ಮೊದಲು ನಿಂಬೆಹಣ್ಣಿನಷ್ಟು, ಬಳಿಕ ಕಿತ್ತಳೆಯಷ್ಟು ಹಿಗ್ಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒತ್ತಡ ಮೇಲ್ಮುಖವಾಗಿ ಮೂತ್ರಪಿಂಡಗಳನ್ನು ಮುಟ್ಟಿದಾಗ ಅವು ರಕ್ತವನ್ನು ಶೋಧಿಸಲಾರದೆ ಹೋಗುತ್ತವೆ. ಯೂರಿಯಾ ಮೊದಲಾದ ಕಶ್ಮಲಗಳು ರಕ್ತದಲ್ಲಿ ಶೇಖರವಾಗುತ್ತವೆ; ರಕ್ತ ಆಮ್ಲೀಯವಾಗುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಪೊಟ್ಯಾಸಿಯಂ ಲವಣದ ಏರಿಕೆ. ಅದು ಮಿತಿ ಮೀರಿದರೆ ಹೃದಯದ ವಿದ್ಯುತ್ ಚಲನೆ ಕೆಡುತ್ತದೆ. ಆರೋಗ್ಯವಂತ ಬೆಕ್ಕು ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಕುಳಿತಾಗ ಹೃದಯ ನಿಮಿಷಕ್ಕೆ ಇನ್ನೂರರ ಸಮೀಪ ಬಡಿಯುತ್ತದೆ. ಮೂತ್ರ ಕಟ್ಟಿದ ಬೆಕ್ಕಿನಲ್ಲಿ ಅದು ನೂರಿಪ್ಪತ್ತಕ್ಕೆ, ನೂರಕ್ಕೆ ಇಳಿದಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಪೂರ್ತಿ ಕಟ್ಟಿಕೊಂಡ ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಗಳಲ್ಲಿ ಈ ನಂಜಿನ ಸ್ಥಿತಿ ತಲೆದೋರುತ್ತದೆ. ಬಹುತೇಕ ಸಾವುಗಳಿಗೆ ಕಾರಣ ಮೂತ್ರಾಶಯ ಒಡೆಯುವುದಲ್ಲ, ಹೃದಯ ನಿಲ್ಲುವುದು.

ಆದುದರಿಂದ ಗಂಡು ಬೆಕ್ಕು ಪದೇ ಪದೇ ತಟ್ಟೆಗೆ ಹೋಗಿ ಮುಕ್ಕರಿಯುತ್ತಿದ್ದು ಮರಳು ಒಣಗಿಯೇ ಇದ್ದರೆ, ಅಥವಾ ಹನಿ ಹನಿಯಾಗಿ ರಕ್ತಮಿಶ್ರಿತ ಮೂತ್ರ ಮಾತ್ರ ಬೀಳುತ್ತಿದ್ದರೆ, ಬೇರೆ ಪರೀಕ್ಷೆ ಬೇಕಿಲ್ಲ. ಅದೇ ಗಳಿಗೆಯಲ್ಲಿ ಹೊರಡಬೇಕು. ನೆಲದ ತಂಪಾದ ಜಾಗ, ಬಚ್ಚಲ ತೂಬು, ಹಾಸಿಗೆ ಹೀಗೆ ಎಂದೂ ಇಲ್ಲದ ಜಾಗಗಳಲ್ಲಿ ಕುಳಿತೇಳುವುದೂ ಇದೇ ಬಾಧೆಯ ಸೂಚನೆ. ಒಂದೆರಡು ಹನಿ ಬಂದಿತೆಂದ ಮಾತ್ರಕ್ಕೆ ದಾರಿ ತೆರೆದಿದೆ ಎಂದು ಸಮಾಧಾನಪಡಬಾರದು. ಒತ್ತಡದಿಂದ ಬಿರಡೆಯ ಸುತ್ತ ಜಿನುಗಿದ ಹನಿಗಳು ಅವು. ಒಂದು ವೇಳೆ ಅದು ಬರಿಯ ಮಲಬದ್ಧತೆಯೆಂದು ವೈದ್ಯರು ಹೇಳಿದರೆ ಆದ ನಷ್ಟ ಆಟೋ ಬಾಡಿಗೆಯಷ್ಟೇ.

ಮನೆಯಲ್ಲಿ ಮಾಡಬಾರದ ಕೆಲಸಗಳು ಕೆಲವಿವೆ. ಹೊಟ್ಟೆಯನ್ನು ಅಮುಕಿ ಮೂತ್ರ ಹೊರಡಿಸಲು ಯತ್ನಿಸಬಾರದು. ಬಿಗಿದ ಮೂತ್ರಾಶಯ ಒಡೆದೀತು. ಬಾಳೆದಿಂಡಿನ ರಸ, ಹುರುಳಿಕಟ್ಟು, ಬಾರ್ಲಿ ನೀರು ಇವುಗಳನ್ನು ಮನುಷ್ಯರ ಮೂತ್ರಕಲ್ಲಿಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಹೊರದಾರಿ ಮುಚ್ಚಿರುವ ಬೆಕ್ಕಿಗೆ ಬಾಯಿಯಿಂದ ನೀರು ತುಂಬಿಸುವುದೆಂದರೆ ಕೋಡಿ ಕಟ್ಟಿಹೋದ ಕೆರೆಗೆ ಇನ್ನಷ್ಟು ನೀರು ಬಿಟ್ಟಂತೆ. ಉರಿಮೂತ್ರಕ್ಕೆಂದು ಮನೆಗಳಲ್ಲಿ ಇರಿಸಿಕೊಳ್ಳುವ ಸಿರಪ್‌ಗಳು ಮೂತ್ರವನ್ನು ಕ್ಷಾರೀಯವಾಗಿಸುತ್ತವೆ; ಬೆಕ್ಕಿನಲ್ಲಿ ಸಾಮಾನ್ಯವಾದ ಒಂದು ಜಾತಿಯ ಹರಳು ಬೆಳೆಯುವುದೇ ಕ್ಷಾರೀಯ ಮೂತ್ರದಲ್ಲಿ. ಇವೆಲ್ಲಕ್ಕಿಂತ ಘೋರವಾದುದು ಪ್ಯಾರಾಸಿಟಮಾಲ್. ಮನುಷ್ಯರ ಜ್ವರಕ್ಕೆ, ನೋವಿಗೆ ನಿರಪಾಯವೆಂದು ತಿಳಿದಿರುವ ಈ ಮಾತ್ರೆಯನ್ನು ಜೀರ್ಣಿಸಿ ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಐನೂರು ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದ ನೋವುನಿವಾರಕಗಳೂ ಈಗಾಗಲೇ ಸೋತಿರುವ ಮೂತ್ರಪಿಂಡಗಳ ಮೇಲೆ ಪೆಟ್ಟು ಹಾಕುತ್ತವೆ.

ಎಲ್ಲಿಗೆ ಒಯ್ಯಬೇಕು

ಕ್ರೋಂಪೇಟೆಯಿಂದ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರು ದೂರ. 1903ರಲ್ಲಿ ಸೈದಾಪೇಟೆಯಲ್ಲಿ ಆರಂಭವಾಗಿ ಬಳಿಕ ವೇಪೇರಿಗೆ ಬಂದ ಈ ಕಾಲೇಜು ದೇಶದ ಹಳೆಯ ಪಶುವೈದ್ಯ ಶಿಕ್ಷಣ ಸಂಸ್ಥೆಗಳಲ್ಲಿ ಒಂದು. 1989ರಲ್ಲಿ ತಮಿಳುನಾಡು ಪಶುವೈದ್ಯಕೀಯ ಹಾಗೂ ಪ್ರಾಣಿವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಅಂಗವಾಯಿತು. ಕರ್ನಾಟಕದಲ್ಲಿ 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇಂಥದೇ ಸೇವೆ ಒದಗಿಸುತ್ತದೆ. ದೊಡ್ಡ ಆಸ್ಪತ್ರೆ ದೂರವಿದ್ದು ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆಯ ವಾಹನ ದಟ್ಟಣೆಯ ಹೊತ್ತಾಗಿದ್ದರೆ ಮೊದಲು ಹತ್ತಿರದ ಪಶುವೈದ್ಯರಲ್ಲಿಗೇ ಹೋಗಬೇಕು. ನಾಳವನ್ನು ತೆರವುಗೊಳಿಸುವ ಸೌಕರ್ಯ ಅಲ್ಲಿ ಇಲ್ಲದಿದ್ದರೂ, ಹೊಟ್ಟೆಯ ಮೂಲಕ ಸಣ್ಣ ಸೂಜಿ ಚುಚ್ಚಿ ಮೂತ್ರಾಶಯವನ್ನು ಬರಿದುಮಾಡಿ ಕೆಲವು ಗಂಟೆಗಳ ಅವಕಾಶವನ್ನು ಗಳಿಸಿಕೊಡಲು ಅವರಿಗೆ ಸಾಧ್ಯವಾಗಬಹುದು.

ತಮಿಳು ಅಷ್ಟಾಗಿ ಬಾರದ ಕನ್ನಡಿಗರು ದೂರವಾಣಿಯಲ್ಲಿ “ಆಣ್ ಪೂನೈ, ಸಿರುನೀರ್ ಅಡೈಪ್ಪು” ಎಂದರೆ ಸಾಕು. ಗಂಡು ಬೆಕ್ಕು, ಮೂತ್ರ ಕಟ್ಟಿದೆ ಎಂಬ ಆ ಮಾತಿನಿಂದಲೇ ಎದುರಿನವರಿಗೆ ತುರ್ತು ಅರ್ಥವಾಗುತ್ತದೆ. ರಾತ್ರಿ ಹಾಗೂ ಭಾನುವಾರ ತೆರೆದಿರುವ ಚಿಕಿತ್ಸಾಲಯ ಯಾವುದು ಎಂಬುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ವಿಚಾರಿಸಿ, ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಲೇಸು. 2015ರ ಡಿಸೆಂಬರಿನ ನೆರೆಯಲ್ಲಿ ಚೆನ್ನೈಯ ರಸ್ತೆ, ರೈಲು, ದೂರವಾಣಿ ಎಲ್ಲವೂ ಒಮ್ಮೆಲೇ ಕೈಕೊಟ್ಟದ್ದನ್ನು ಕಂಡವರು, ಮಳೆಗಾಲದಲ್ಲಿ ನಡೆದು ಮುಟ್ಟಬಹುದಾದ ವೈದ್ಯರೊಬ್ಬರ ವಿಳಾಸವನ್ನೂ ತಿಳಿದುಕೊಂಡಿರುತ್ತಾರೆ.

ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗಬಾರದು. ನೋವಿನಲ್ಲಿರುವ ಸಾಧು ಬೆಕ್ಕೂ ಕಚ್ಚುತ್ತದೆ. ಗಾಳಿಯಾಡುವ ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಟವೆಲ್ ಹಾಸಿ ಕೂಡಿಸಬೇಕು. ಕಡೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ವಾಂತಿ ಆಯಿತೇ, ಮನೆಯಲ್ಲಿ ಏನಾದರೂ ಔಷಧ ಕೊಟ್ಟಿದ್ದೀರಾ ಎಂದು ವೈದ್ಯರು ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಸಂಕೋಚದಿಂದ ಸುಳ್ಳು ಹೇಳುವವರು ಕಡಿಮೆಯಿಲ್ಲ. ಹೇಳಿಬಿಡುವುದೇ ಬೆಕ್ಕಿಗೆ ಮಾಡುವ ಉಪಕಾರ.

ಆಸ್ಪತ್ರೆಯಲ್ಲಿ ಮೊದಲು ಹೃದಯವನ್ನು ನೋಡುತ್ತಾರೆ, ಬಳಿಕ ನಾಳವನ್ನು. ಪೊಟ್ಯಾಸಿಯಂ ಏರಿದ್ದರೆ ಹೃದಯ ರಕ್ಷಣೆಗೆ ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ತಗ್ಗಿಸಲು ಗ್ಲುಕೋಸಿನೊಡನೆ ಇನ್ಸುಲಿನ್ ಕೊಡುವುದುಂಟು. ರಕ್ತನಾಳದ ಮೂಲಕ ಲವಣದ್ರಾವಣ ಏರಿಸುತ್ತಾರೆ. ಕಟ್ಟಿಕೊಂಡ ಪ್ರಾಣಿಗೆ ದ್ರವ ಏರಿಸಬಹುದೇ ಎಂದು ಮನೆಯವರು ಕಳವಳಪಡುವುದು ಸಹಜ. ಬಾಯಿಯಿಂದ ಕುಡಿಸುವುದು ಬೇಡವೆಂದ ವೈದ್ಯರು ಇಲ್ಲಿ ದ್ರವ ಕೊಡುವುದು, ದಾರಿಯನ್ನು ಕೂಡಲೇ ತೆರೆಯುವ ಸಿದ್ಧತೆಯೊಂದಿಗೆ, ರಕ್ತದ ನಂಜನ್ನು ತಿಳಿಗೊಳಿಸುವುದಕ್ಕಾಗಿ. ಅನಂತರ ಅರಿವಳಿಕೆ ಕೊಟ್ಟು, ಎಳೆಯಂಥ ಕ್ಯಾಥೆಟರ್ ಕೊಳವೆಯನ್ನು ನಾಳದೊಳಗೆ ಸೇರಿಸಿ, ಲವಣನೀರನ್ನು ಒತ್ತಿ ಬಿರಡೆಯನ್ನು ಮೂತ್ರಾಶಯಕ್ಕೆ ಹಿಂದೂಡುತ್ತಾರೆ ಇಲ್ಲವೇ ಕರಗಿಸಿ ಹೊರತೆಗೆಯುತ್ತಾರೆ. ಕೊಳವೆಯನ್ನು ಒಂದರಿಂದ ಮೂರು ದಿನ ಹಾಗೆಯೇ ಬಿಡುವುದು ಸಾಮಾನ್ಯ. ಬೆಕ್ಕು ಅದನ್ನು ಕಿತ್ತುಕೊಳ್ಳದಂತೆ ಕುತ್ತಿಗೆಗೆ ಕೊಳವೆಯಾಕಾರದ ಪಟ್ಟಿ ಕಟ್ಟುತ್ತಾರೆ.

ದಾರಿ ತೆರೆದ ಬಳಿಕ ಒಂದೆರಡು ದಿನ ಬೆಕ್ಕು ವಿಪರೀತ ಮೂತ್ರ ವಿಸರ್ಜಿಸುವುದುಂಟು. ಅಷ್ಟು ದ್ರವವನ್ನು ಮರಳಿ ತುಂಬದಿದ್ದರೆ ಅದು ಒಣಗಿ ಕುಸಿಯುತ್ತದೆ. ಕೊಳವೆ ಹಾಕಿಸಿ ಅಂದೇ ಮನೆಗೆ ಕರೆದೊಯ್ಯುತ್ತೇವೆ ಎಂದು ಹಟ ಹಿಡಿಯಬಾರದೆಂಬುದಕ್ಕೆ ಇದೇ ಕಾರಣ. ವೆಚ್ಚದ ಚಿಂತೆ ನಿಜವಾದದ್ದೇ. ಅದನ್ನು ವೈದ್ಯರೊಡನೆ ಮೊದಲೇ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು; ಮೊದಲ ಆರು ಗಂಟೆಯಲ್ಲಿ ಬಂದ ಬೆಕ್ಕಿಗೆ ಆಗುವ ಖರ್ಚು ಎರಡನೆಯ ದಿನ ಬಂದ ಬೆಕ್ಕಿಗಿಂತ ಎಷ್ಟೋ ಕಡಿಮೆ. ಸಕಾಲದಲ್ಲಿ ಚಿಕಿತ್ಸೆ ಪಡೆದ ಹತ್ತು ಬೆಕ್ಕುಗಳಲ್ಲಿ ಒಂಬತ್ತು ಬದುಕಿ ಮನೆಗೆ ಮರಳುತ್ತವೆ. ಮತ್ತೆ ಮತ್ತೆ ಕಟ್ಟಿಕೊಳ್ಳುವ ಬೆಕ್ಕುಗಳಿಗೆ ನಾಳದ ಕಿರಿದಾದ ತುದಿಯನ್ನು ತೆಗೆದು ಅಗಲವಾದ ಭಾಗದಲ್ಲಿ ಹೊಸ ದ್ವಾರ ಮಾಡುವ ಶಸ್ತ್ರಕ್ರಿಯೆ 1970ರ ದಶಕದಿಂದ ಬಳಕೆಯಲ್ಲಿದೆ. ಅದು ಕಡೆಯ ಉಪಾಯ.

ಹರಳಿನ ಬಗೆ

ಮೂತ್ರದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎರಡು ಬಗೆಯ ಹರಳುಗಳು ಹೆಚ್ಚಾಗಿ ಕಾಣುತ್ತವೆ. ಶವಪೆಟ್ಟಿಗೆಯ ಮುಚ್ಚಳದಂತೆ ಕಾಣುವುದು ಸ್ಟ್ರುವೈಟ್. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟುಗಳು ಕೂಡಿ ಆದ ಈ ಖನಿಜವನ್ನು 1840ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಗುರುತಿಸಿ ಸ್ಟ್ರೂವ ಎಂಬವರ ಹೆಸರಿಟ್ಟರು. ಅಂಚೆಯ ಲಕೋಟೆಯ ಬೆನ್ನಿನಂತೆ ನಡುವೆ ಅಡ್ಡಗೆರೆಗಳಿರುವುದು ಕ್ಯಾಲ್ಸಿಯಂ ಆಕ್ಸಲೇಟ್. ಇವೆರಡರ ಸ್ವಭಾವವೇ ಬೇರೆ. ಸ್ಟ್ರುವೈಟ್ ಕ್ಷಾರೀಯ ಮೂತ್ರದಲ್ಲಿ ಬೆಳೆಯುತ್ತದೆ, ಮೂತ್ರವನ್ನು ಸ್ವಲ್ಪ ಆಮ್ಲೀಯವಾಗಿಸುವ ವಿಶೇಷ ಆಹಾರದಿಂದ ಕೆಲವೇ ವಾರಗಳಲ್ಲಿ ಕರಗುತ್ತದೆ. ಆಕ್ಸಲೇಟ್ ಯಾವ ಆಹಾರದಿಂದಲೂ ಕರಗುವುದಿಲ್ಲ, ಕಲ್ಲಾಗಿದ್ದರೆ ತೆಗೆಸಲೇಬೇಕು.

ಈ ವ್ಯತ್ಯಾಸದ ಹಿಂದೆ ಬೋಧಪ್ರದವಾದ ಒಂದು ಇತಿಹಾಸವಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ಕಾರ್ಲ್ ಆಸ್ಬಾರ್ನ್ ಅವರು 1981ರಲ್ಲಿ ಪ್ರಾಣಿಗಳ ಮೂತ್ರಕಲ್ಲುಗಳನ್ನು ವಿಶ್ಲೇಷಿಸುವ ಕೇಂದ್ರವನ್ನು ಆರಂಭಿಸಿದರು. ಆಗ ಬಂದ ಬೆಕ್ಕಿನ ಕಲ್ಲುಗಳಲ್ಲಿ ಬಹುಪಾಲು ಸ್ಟ್ರುವೈಟ್. ಇದನ್ನರಿತ ಆಹಾರ ತಯಾರಕರು ಮೆಗ್ನೀಸಿಯಂ ಇಳಿಸಿ, ಮೂತ್ರವನ್ನು ಆಮ್ಲೀಯಗೊಳಿಸುವ ಆಹಾರಗಳನ್ನು ಮಾರುಕಟ್ಟೆಗೆ ತಂದರು. ಸ್ಟ್ರುವೈಟ್ ಕಲ್ಲುಗಳು ಇಳಿದುವು; ಆದರೆ 1990ರ ದಶಕದಲ್ಲಿ ಆಕ್ಸಲೇಟ್ ಕಲ್ಲುಗಳು ಏರಿದುವು. ಒಂದು ಹರಳನ್ನು ತಡೆಯುವ ಅತಿ ಉತ್ಸಾಹ ಇನ್ನೊಂದಕ್ಕೆ ಎಡೆಮಾಡಿತ್ತು. ಹರಳು ಯಾವುದೆಂದು ತಿಳಿಯದೆ, ನೆರೆಮನೆಯ ಬೆಕ್ಕಿಗೆ ಗುಣಕೊಟ್ಟ ಆಹಾರವನ್ನೇ ತಂದು ಹಾಕಬಾರದು ಎನ್ನುವುದು ಇದಕ್ಕಾಗಿ. ತೆಗೆದ ಕಲ್ಲನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಲು ಕೇಳಬೇಕು.

ಮತ್ತೊಂದು ಮಾತು. ಮೂತ್ರ ಪರೀಕ್ಷೆಯ ವರದಿಯಲ್ಲಿ ಹರಳು ಎಂಬ ಪದ ಕಂಡ ಕೂಡಲೇ ಗಾಬರಿಪಡಬೇಕಿಲ್ಲ. ಆರೋಗ್ಯವಂತ ಬೆಕ್ಕುಗಳ ಗಾಢ ಮೂತ್ರದಲ್ಲೂ ಅಲ್ಪಸ್ವಲ್ಪ ಹರಳು ಇರುತ್ತದೆ. ಸೀಸೆಯಲ್ಲಿ ಹಿಡಿದ ಮೂತ್ರ ಶೀತಕದಲ್ಲಿ ಗಂಟೆಗಟ್ಟಲೆ ಇದ್ದರೆ ಅಲ್ಲಿಯೇ ಹೊಸದಾಗಿ ಹರಳುಗಟ್ಟುವುದೂ ಉಂಟು. ತಾಜಾ ಮೂತ್ರದ ಪರೀಕ್ಷೆಗೆ ಮಾತ್ರ ಬೆಲೆ.

ನೀರು ಮತ್ತು ಆಹಾರ

ಮನೆಯ ಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯ ಹಾಗೂ ಉತ್ತರ ಆಫ್ರಿಕಗಳ ಒಣನಾಡಿನ ಕಾಡುಬೆಕ್ಕು. ಅದಕ್ಕೆ ಬೇಕಾದ ನೀರಿನ ಬಹುಪಾಲು ಹಿಡಿದು ತಿಂದ ಬೇಟೆಯ ಮಾಂಸದಿಂದಲೇ ದೊರೆಯುತ್ತಿತ್ತು. ಇಲಿಯ ಮೈಯಲ್ಲಿ ಶೇಕಡ 70ರಷ್ಟು ನೀರಿರುತ್ತದೆ. ಹೀಗಾಗಿ ಬೆಕ್ಕಿಗೆ ಬಾಯಾರಿಕೆಯ ಅರಿವು ಮಂದ, ಮೂತ್ರವನ್ನು ಗಾಢಗೊಳಿಸುವ ಸಾಮರ್ಥ್ಯ ಅಪಾರ. ಮರುಭೂಮಿಯಲ್ಲಿ ಕಾಪಾಡಿದ ಈ ಗುಣವೇ ಒಣ ಕಾಳಿನ ಆಹಾರದ ಮುಂದೆ ಅದಕ್ಕೆ ಮುಳುವಾಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ಆಹಾರದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರು ನೀರು ಬೇಕು. ಅದರ ದಿನದ ಪಾಲಾದ 60 ಗ್ರಾಂ ಒಣ ಆಹಾರದಲ್ಲಿ ದೊರೆಯುವ ನೀರು ಐದಾರು ಮಿಲಿಲೀಟರು. ಉಳಿದುದನ್ನೆಲ್ಲ ಅದು ಬಟ್ಟಲಿನಿಂದ ಕುಡಿಯಬೇಕು. ಅಷ್ಟು ಕುಡಿಯುವ ಬೆಕ್ಕುಗಳು ಅಪರೂಪ. ಅದೇ ಬೆಕ್ಕು ದಿನಕ್ಕೆ 200 ಗ್ರಾಂನಷ್ಟು ಹಸಿ ತೇವಾಂಶದ ಆಹಾರ, ಅಂದರೆ ಬೇಯಿಸಿದ ಮೀನು, ಕೋಳಿ ಅಥವಾ ಡಬ್ಬಿಯ ಆಹಾರ ತಿಂದರೆ 150 ಮಿಲಿಲೀಟರು ಅಲ್ಲಿಯೇ ಸಂದಿತು. ಮೂತ್ರ ತೆಳುವಾದಷ್ಟೂ ಎರಡೂ ಜಾತಿಯ ಹರಳುಗಳಿಗೆ ನೆಲೆ ತಪ್ಪುತ್ತದೆ. ಆಹಾರದ ಬಗೆಗಿನ ಸಲಹೆಗಳಲ್ಲಿ ಎಲ್ಲ ವೈದ್ಯರೂ ಒಪ್ಪುವುದು ಇದೊಂದನ್ನು.

ಪೂರ್ತಿ ಡಬ್ಬಿ ಆಹಾರದ ಬೆಲೆ ಅನೇಕ ಕುಟುಂಬಗಳಿಗೆ ಎಟುಕುವುದಿಲ್ಲ. ಒಣ ಕಾಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಬಹುದು. ಚೆನ್ನೈಯ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಬಟ್ಟಲಲ್ಲಿ ಉಳಿಸಬಾರದು. ಕೋಳಿಯನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ತಿಳಿನೀರನ್ನು ಬಹಳ ಬೆಕ್ಕುಗಳು ಆಸೆಯಿಂದ ಕುಡಿಯುತ್ತವೆ. ಒಣಮೀನು ಬೇಡ, ಅದರಲ್ಲಿ ನೀರಿಲ್ಲ, ಉಪ್ಪು ಮತ್ತು ಖನಿಜಗಳು ಹೆಚ್ಚು. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೂ ಹಾಲನ್ನ, ಮೊಸರನ್ನವೇ ನಡೆಯುತ್ತದೆ. ಮನೆಯವರ ಆಚಾರಕ್ಕೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಬೆಕ್ಕು ಮಾಂಸಾಹಾರಕ್ಕಾಗಿಯೇ ರೂಪುಗೊಂಡ ಪ್ರಾಣಿ. ಧಾನ್ಯಪ್ರಧಾನ ಆಹಾರ ಅದರ ಮೂತ್ರವನ್ನು ಕ್ಷಾರೀಯವಾಗಿಸಿ ಸ್ಟ್ರುವೈಟಿಗೆ ಹಾದಿ ಮಾಡುತ್ತದೆ. ಟಾರಿನ್ ಎಂಬ ಪೋಷಕಾಂಶದ ಕೊರತೆಯಿಂದ ಹೃದಯವೂ ಕೆಡಬಹುದು. ಮನೆಯಲ್ಲಿ ಮೀನು ಮಾಂಸ ಬೇಯಿಸಲಾಗದವರಿಗೆ, ಸಿದ್ಧಪಡಿಸಿದ ತೇವದ ಆಹಾರದ ಸಣ್ಣ ಪೊಟ್ಟಣಗಳು ಅನುಕೂಲವಾದಾವು.

ಕ್ರೋಂಪೇಟೆ, ಪಲ್ಲಾವರಂಗಳ ಕೊಳವೆಬಾವಿಯ ಗಡಸು ನೀರೇ ಹರಳಿಗೆ ಕಾರಣವೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಬಚ್ಚಲ ಕೊಡದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದವರಿಗೆ ಹಾಗೆನ್ನಿಸುವುದು ಸಹಜ. ಆದರೆ ಬೆಕ್ಕಿನ ದೇಹ ಸೇರುವ ಖನಿಜಗಳಲ್ಲಿ ಬಹುಪಾಲು ಆಹಾರದಿಂದ ಬರುತ್ತದೆ, ನೀರಿನಿಂದಲ್ಲ. ಗಡಸು ನೀರಿನಿಂದಲೇ ಈ ರೋಗವೆಂಬುದು ಸಿದ್ಧಪಟ್ಟಿಲ್ಲ. ತೊಂದರೆ ಇರುವುದು ರುಚಿಯಲ್ಲಿ. ಸವುಳು ನೀರನ್ನು ಬೆಕ್ಕು ಮೂಸಿ ಬಿಟ್ಟುಬಿಡುತ್ತದೆ. ಮನೆಯವರು ಕುಡಿಯುವ ಕ್ಯಾನ್ ನೀರನ್ನೇ ಅದಕ್ಕೂ ಇಡಬೇಕು. ಅಗಲ ಬಾಯಿಯ ಎರಡು ಮೂರು ಬಟ್ಟಲುಗಳನ್ನು, ಆಹಾರದಿಂದಲೂ ಮರಳಿನ ತಟ್ಟೆಯಿಂದಲೂ ದೂರದಲ್ಲಿ.

ಮನಸ್ಸಿನ ಪಾತ್ರ

ಮೂತ್ರಾಶಯದ ಉರಿಯೂತಕ್ಕೂ ಬೆಕ್ಕಿನ ಮನಃಸ್ಥಿತಿಗೂ ಸಂಬಂಧವಿದೆ ಎಂದರೆ ಹಿಂದೆ ನಗುತ್ತಿದ್ದರು. ಇಂದು ಅದು ಪಶುವೈದ್ಯ ವಿಜ್ಞಾನ ಒಪ್ಪಿದ ವಿಷಯ. ಮನೆ ಬದಲಾವಣೆ, ಹೊಸ ಬೆಕ್ಕಿನ ಆಗಮನ, ನೆಂಟರ ಗದ್ದಲ, ದೀಪಾವಳಿಯ ಪಟಾಕಿ, ಮನೆಗೆ ಸುಣ್ಣಬಣ್ಣ ಇಂಥ ಸಂದರ್ಭಗಳ ಬೆನ್ನಿಗೇ ಅನೇಕ ಬೆಕ್ಕುಗಳು ಮೂತ್ರದ ಬಾಧೆಗೆ ಒಳಗಾಗುತ್ತವೆ. ಅಡಗಿ ಕೂರಲು ಒಂದು ಪೆಟ್ಟಿಗೆ, ಹತ್ತಿ ನೋಡಲು ಕಿಟಕಿಯ ಬಳಿ ಎತ್ತರದ ಜಾಗ, ದಿನಕ್ಕೆ ಹತ್ತು ನಿಮಿಷ ಆಟ ಇವುಗಳಿಗೆ ಖರ್ಚಿಲ್ಲ. ಮರಳಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು. ಕೊಳಕು ತಟ್ಟೆಯನ್ನು ಕಂಡು ಬೆಕ್ಕು ಮೂತ್ರವನ್ನು ತಡೆಹಿಡಿದರೆ ಹರಳು ಕೂಡಿಕೊಳ್ಳಲು ಅಷ್ಟು ಹೊತ್ತು ಸಿಕ್ಕಂತಾಯಿತು.

ದಿನವೂ ತಟ್ಟೆ ಶುದ್ಧಗೊಳಿಸುವ ಕೆಲಸ ಮನೆಯಲ್ಲಿ ಒಬ್ಬರದೇ ಆಗಿರುವುದು ಮೇಲು. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಒದ್ದೆ ಗಡ್ಡೆಗಳು ಸಿಗುತ್ತವೆ. ಅವು ಗೋಲಿಗಳಷ್ಟು ಸಣ್ಣದಾಗಿ ಸಂಖ್ಯೆ ಏರಿದರೆ ಆ ಕೈಗೇ ಮೊದಲು ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಮರಳಿದ ಬೆಕ್ಕಿಗೆ ಮೊದಲ ಎರಡು ವಾರ ಈ ಲೆಕ್ಕ ಅತ್ಯಗತ್ಯ, ಏಕೆಂದರೆ ನಾಳ ಮತ್ತೆ ಕಟ್ಟಿಕೊಳ್ಳುವ ಸಂಭವ ಆ ದಿನಗಳಲ್ಲೇ ಅಧಿಕ. ಹೊಸ ಆಹಾರಕ್ಕೆ ಒಮ್ಮೆಲೇ ಬದಲಿಸದೆ ಏಳೆಂಟು ದಿನಗಳಲ್ಲಿ ಹಳೆಯದರೊಡನೆ ಬೆರೆಸುತ್ತ ಬರಬೇಕು. ಬೆಕ್ಕು ಒಂದು ದಿನ ಪೂರ್ತಿ ಉಪವಾಸವಿದ್ದರೆ ವೈದ್ಯರಿಗೆ ತಿಳಿಸಬೇಕು. ಕ್ಯಾಲೆಂಡರಿನಲ್ಲಿ ಬರೆದಿಟ್ಟ ಆ ದೂರವಾಣಿ ಸಂಖ್ಯೆಯ ಪಕ್ಕದಲ್ಲೇ, ಪ್ರತಿ ರಾತ್ರಿ ಮಲಗುವ ಮುನ್ನ, ಅಂದಿನ ಒದ್ದೆ ಗಡ್ಡೆಗಳ ಸಂಖ್ಯೆಯನ್ನು ಗುರುತು ಹಾಕಬಹುದು. ಸಂಜೆಯಿಂದ ತಟ್ಟೆ ಒಣಗಿದ್ದು ಬೆಕ್ಕು ಮುಕ್ಕರಿಯುತ್ತಿದ್ದರೆ ಆ ರಾತ್ರಿಯೇ ಹೊರಡಬೇಕು.